ಹಿತ್ತಲಿಗೂ ಲೆಕ್ಕದ ಪುಸ್ತಕದಲ್ಲೊಂದು ಪುಟ



ಹೋದ ತಿಂಗಳು ಗೊಬ್ಬರ ತರಲು ಸಂಘದ ಡಿಪೋಗೆ ಹೋಗಿದ್ದಾಗ ಕಂಡ ಒಂದು ಸಣ್ಣ ಸಂಗತಿ ಈ ಲೇಖನಕ್ಕೆ ಕಾರಣ. ಡಿಪೋ ಎದುರಿಗೆ ರಸ್ತೆಬದಿಯಲ್ಲಿ ಬಯಲುಸೀಮೆಯ ತರಕಾರಿ ಗಾಡಿಯೊಂದು ನಿಂತಿತ್ತು. ಮೂಟೆಗಳು ಜೀಪಿಗೆ ಏರುವಷ್ಟರಲ್ಲಿ ನಮ್ಮ ಸದಸ್ಯರೇ ಏಳೆಂಟು ಮಂದಿ ಆ ಗಾಡಿಯ ಸುತ್ತ ಸೇರಿದ್ದರು. ಅವರು ಈರುಳ್ಳಿ, ಆಲೂಗೆಡ್ಡೆ ಕೊಂಡಿದ್ದರೆ ಆಶ್ಚರ್ಯವಿರಲಿಲ್ಲ; ಅವು ನಮ್ಮ ಮಳೆಗೆ ಒಗ್ಗುವ ಬೆಳೆಗಳಲ್ಲ. ಆದರೆ ಅವರು ಕೊಂಡದ್ದು ಹರಿವೆ ಸೊಪ್ಪು, ತೊಂಡೆಕಾಯಿ, ಪಪ್ಪಾಯಿ, ಕೊನೆಗೆ ಒಂದು ಹಿಡಿ ಕರಿಬೇವು. ನಾಲ್ಕೈದು ಎಕರೆ ತೋಟದ ಒಡೆಯರು ಎರಡು ಕಡ್ಡಿ ಕರಿಬೇವಿಗೆ ಚೌಕಾಸಿ ಮಾಡುತ್ತಿದ್ದರು. ಅವರನ್ನು ಹಾಸ್ಯ ಮಾಡಲು ಇದನ್ನು ಬರೆಯುತ್ತಿಲ್ಲ. ಆ ಗುಂಪಿನಲ್ಲಿ ಚೀಲ ಹಿಡಿದುಕೊಂಡು ನಾನೂ ನಿಂತಿದ್ದೆ.

ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿಯುವ, ನೆಟ್ಟ ಗೂಟವೂ ಚಿಗುರುವ ಸೀಮೆಯಲ್ಲಿ ಕುಳಿತು ನಾವು ಸೊಪ್ಪನ್ನು ದೂರದಿಂದ ತರಿಸಿ ತಿನ್ನುತ್ತಿದ್ದೇವೆ. ಇದು ಸೋಮಾರಿತನದಿಂದ ಆದದ್ದು ಎಂದು ಹಿರಿಯರು ಬಯ್ಯುವುದುಂಟು. ನನ್ನ ಅಭಿಪ್ರಾಯ ಬೇರೆ. ನಮ್ಮ ಬೆಳೆಗಾರರು ಸೋಮಾರಿಗಳಲ್ಲ. ನಾವು ತಕ್ಕಡಿಗೆ ಏರಿದ್ದನ್ನು ಮಾತ್ರ ಬೆಳೆ ಎಂದು ಲೆಕ್ಕ ಹಿಡಿಯುವ ಅಭ್ಯಾಸ ಮಾಡಿಕೊಂಡೆವು. ಲೆಕ್ಕದಲ್ಲಿ ಇಲ್ಲದ್ದಕ್ಕೆ ಜಾಗವೂ ಸಿಗಲಿಲ್ಲ, ಆಳೂ ಸಿಗಲಿಲ್ಲ, ಗೊಬ್ಬರವೂ ಸಿಗಲಿಲ್ಲ. ಹಿತ್ತಲು ಹೋದದ್ದು ಹೀಗೆ.

ಹೋದ ಬಗೆ

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಹಿಂದೆ ನಮಗೆ ತರಕಾರಿ ಬರುತ್ತಿದ್ದುದು ಎರಡು ಕಡೆಯಿಂದ. ಮಳೆಗಾಲಕ್ಕೆ ಮನೆಯ ಹಿಂದಿನ ಹಿತ್ತಲು. ಬೇಸಗೆಗೆ ಕೊಯ್ಲು ಮುಗಿದ ಗದ್ದೆ. ಗದ್ದೆಯ ಪಸೆಯಲ್ಲಿ ಸೌತೆ, ಹರಿವೆ, ಅಲಸಂದೆ, ಕುಂಬಳ ಬೆಳೆಯುತ್ತಿದ್ದವು. ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಗದ್ದೆಗೆ ಮಣ್ಣು ಹಾಕಿ ಅಡಿಕೆ ಸಸಿ ಇಟ್ಟೆವು. ಗದ್ದೆ ಹೋಯಿತೆಂದರೆ ಅಕ್ಕಿ ಹೋಯಿತೆಂದಷ್ಟೇ ಎಲ್ಲರೂ ತಿಳಿದರು. ಅದರ ಜೊತೆಗೆ ಬೇಸಗೆಯ ತರಕಾರಿಯೂ ಹೋಯಿತೆಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಆಮೇಲೆ ಕಾಫಿ, ಅಡಿಕೆ ಎರಡೂ ಮನೆಯ ಸೂರಿನವರೆಗೆ ಬಂದವು. ಹಿತ್ತಲಿಗೆ ಬಿಸಿಲು ತಪ್ಪಿತು.

ಮನೆಗಳಲ್ಲಿ ಜನ ಕಡಿಮೆಯಾದರು. ಮೊದಲು ಹತ್ತು ಮಂದಿ ಇದ್ದ ಮನೆಯಲ್ಲಿ ಈಗ ಮೂವರೋ ನಾಲ್ವರೋ. ಹಿತ್ತಲ ಕೆಲಸವೆಂದರೆ ಹೆಂಗಸರದು ಎಂದು ನಾವು ಬಿಟ್ಟುಬಿಟ್ಟಿದ್ದೆವು. ಅಡುಗೆ, ದನಕರು, ಆಳುಗಳ ಊಟ-ಕಾಫಿ, ಅಡಿಕೆ ಸುಲಿತ ಎಲ್ಲವೂ ಒಬ್ಬ ಗೃಹಿಣಿಯ ಮೇಲೆ ಬಿದ್ದ ಮೇಲೆ ಹಿತ್ತಲಿಗೆ ನೀರು ಹೊತ್ತು ಹಾಕುವವರು ಯಾರು? ತೋಟದ ಕಾಲುವೆ ಕೆತ್ತಲು ಆಳು ಕರೆದೆವು. ಹರಿವೆ ಮಡಿ ಅಗೆಯಲು ಒಂದು ದಿನಕ್ಕೂ ಕರೆಯಲಿಲ್ಲ.

ನಾಲ್ಕು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದೆ. ಆಳಿನ ಅಭಾವವಿದ್ದ ಕಾರಣ ಅಂಗಳದಂಚು, ಬಾವಿಕಟ್ಟೆ, ಹಿತ್ತಲ ದಾರಿ ಎಲ್ಲಕ್ಕೂ ಕಳೆನಾಶಕ ಹೊಡೆಸಿದೆ. ವಾರದಲ್ಲಿ ಎಲ್ಲ ಒಣಗಿ ಚೊಕ್ಕಟವಾಯಿತು. ನನಗೆ ಸಮಾಧಾನವೇ ಆಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ, ‘ಇವತ್ತು ತಂಬುಳಿ ಇಲ್ಲವಾ?’ ಎಂದು ಕೇಳಿದೆ. ನಮ್ಮ ಮನೆಯವರು ಹೇಳಿದರು: ‘ಎಲ್ಲಿಂದ ತರಲಿ? ನೀವು ಕಳೆ ಅಂತ ಹೊಡೆಸಿದ್ದರಲ್ಲಿ ಅರ್ಧ ಅಡುಗೆಯದ್ದೇ ಇತ್ತು.’ ಬಾವಿಕಟ್ಟೆಯ ಒಂದೆಲಗ, ಮೆಟ್ಟಿಲ ಬದಿಯ ದೊಡ್ಡಪತ್ರೆ, ಚರಂಡಿಯ ಕೆಸು, ತಾನಾಗಿ ಹುಟ್ಟುತ್ತಿದ್ದ ಕಾಡುಹರಿವೆ, ಎಲ್ಲವೂ ಹೋಗಿತ್ತು. ನಲವತ್ತು ವರ್ಷ ಉಂಡವನಿಗೆ ಅದು ಎಲ್ಲಿಂದ ಬರುತ್ತಿತ್ತೆಂದು ತಿಳಿದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯುಂಟು. ನನ್ನ ಮಟ್ಟಿಗೆ ಹಿತ್ತಲ ಗಿಡ ಗಿಡವೇ ಆಗಿರಲಿಲ್ಲ.

ಲೆಕ್ಕ ಹಾಕಿದರೆ

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಮನೆಗೆ ಇದು ದಿನಕ್ಕೆ 2 ಕಿಲೋ, ವರ್ಷಕ್ಕೆ 730 ಕಿಲೋ ಆಯಿತು. ಏಳು ಕ್ವಿಂಟಾಲಿಗೂ ಮಿಗಿಲಾದ ಒಂದು ಫಸಲು! ಏಳು ಕ್ವಿಂಟಾಲ್ ಅಡಿಕೆಯೋ ಕಾಫಿಯೋ ಆಗಿದ್ದರೆ ನಾವು ಅದಕ್ಕೆ ಕಣ, ಗೋದಾಮು, ವಿಮೆ ಎಲ್ಲ ಮಾಡುತ್ತಿದ್ದೆವು. ಇದು ಅಡುಗೆಮನೆಗೆ ಬರುವ ಫಸಲು ಎಂಬ ಕಾರಣಕ್ಕೆ ಇದಕ್ಕೆ ಒಂದು ಪುಟವೂ ಇಲ್ಲ.

ಜಾಗದ ಮಾತು. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ ಹಿಡಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಅಂದರೆ ಗುಂಟೆಗೆ 14 ಮರ. ಎರಡು ಗುಂಟೆ ಜಾಗವನ್ನು ಹಿತ್ತಲಿಗೆ ಬಿಟ್ಟುಕೊಟ್ಟರೆ ನಾವು ಕಳೆದುಕೊಳ್ಳುವುದು 28 ಮರ. ಕೊಳೆಗೆ, ಎಲೆಚುಕ್ಕಿಗೆ, ಸಿಡಿಲಿಗೆ, ಗಾಳಿಗೆ ವರ್ಷ ವರ್ಷ ಎಷ್ಟು ಮರ ಹೋಗುತ್ತದೆಂದು ಅವರವರೇ ಎಣಿಸಿಕೊಳ್ಳಲಿ. ಹೀಗೆ ಸತ್ತ ಮರದ ಜಾಗ ಮನೆಯ ಹತ್ತಿರವೇ ಇದ್ದರೆ ಅಲ್ಲಿ ಮತ್ತೆ ಸಸಿ ಇಡುವ ಮುನ್ನ ಒಮ್ಮೆ ಯೋಚಿಸಬಹುದು. ಇರುವ ಮರ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ.

‘ಕಾಫಿಗೆ ಇಷ್ಟು ಧಾರಣೆ ಇರುವಾಗ ಬದನೆಗಿಡ ನೆಡುವುದು ಯಾವ ಲಾಭಕ್ಕೆ?’ ಎಂದು ಕೇಳುವವರಿದ್ದಾರೆ. 2024-25ರಲ್ಲಿ ಕಾಫಿಗೆ ಕಂಡುಕೇಳರಿಯದ ಧಾರಣೆ ಬಂದದ್ದು ನಿಜ. ಆದರೆ ನಮ್ಮ ನೆನಪು ಅಷ್ಟು ಗಿಡ್ಡವಾಗಬಾರದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದದ್ದನ್ನೂ, 2000ದ ನಂತರದ ಒಂದೆರಡು ವರ್ಷ ಕೊಯ್ಲಿನ ಕೂಲಿಯೂ ಹುಟ್ಟದ್ದನ್ನೂ ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅರೇಬಿಕಾ ಧಾರಣೆ ನ್ಯೂಯಾರ್ಕಿನಲ್ಲಿ, ರೊಬಸ್ಟಾ ಧಾರಣೆ ಲಂಡನ್ನಿನಲ್ಲಿ ತೀರ್ಮಾನವಾಗುತ್ತದೆ. ಬಸಳೆ ಚಪ್ಪರಕ್ಕೆ ಆ ಹಂಗಿಲ್ಲ. ಧಾರಣೆ ಬಿದ್ದ ವರ್ಷ ಹಿತ್ತಲು ಮಾಡುತ್ತೇನೆಂದರೆ ಆಗುವುದಿಲ್ಲ. ಕರಿಬೇವಿನ ಗಿಡ ಕೈಗೆ ಬರಲು ಎರಡು ಮೂರು ವರ್ಷ ಬೇಕು, ನಿಂಬೆಗೆ ಇನ್ನೂ ಹೆಚ್ಚು. ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ ಹಿತ್ತಲಿಗೆ ಬೇಲಿ ಕಟ್ಟಿಸಬೇಕು.

ಧಾರಣೆಯೊಂದೇ ಅಲ್ಲ, ರಸ್ತೆಯೂ ನಮ್ಮ ಕೈಯಲ್ಲಿಲ್ಲ. 2018 ಮತ್ತು 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಘಾಟಿ ರಸ್ತೆಗಳು ಮುಚ್ಚಿದವು. 2020ರ ಮಾರ್ಚ್ 25ರಿಂದ ಇಡೀ ದೇಶವೇ ಬಾಗಿಲು ಹಾಕಿತು. ಆ ಬೇಸಗೆಯಲ್ಲಿ ಊರಿಗೆ ಬಂದ ಮಕ್ಕಳು, ಮೊಮ್ಮಕ್ಕಳು ಸೇರಿ ಎಷ್ಟೋ ಮನೆಗಳಲ್ಲಿ ಹಿತ್ತಲು ಅಗೆದರು. ಹಲಸಿನ ಬೀಜದ ಸಾರು, ಬಾಳೆದಿಂಡಿನ ಪಲ್ಯ, ಮರಕೆಸುವಿನ ಪತ್ರೊಡೆ ಮತ್ತೆ ಎಲೆಗೆ ಬಂದವು. ಗಾಡಿಗಳು ಓಡಾಡಲು ತೊಡಗಿದ ಮೇಲೆ ಅದೇ ಮಡಿಗಳಲ್ಲಿ ಹುಲ್ಲು ಬೆಳೆಯಿತು. ಕಷ್ಟ ಕಲಿಸಿದ್ದನ್ನು ಸುಖ ಮರೆಸಿತು.

ಆಕ್ಷೇಪಗಳು

ಎಲ್ಲವನ್ನೂ ಬೆಳೆದುಕೊಳ್ಳಿ ಎಂಬ ಹಟ ನನ್ನದಲ್ಲ. ಕೋಸು, ಕ್ಯಾರೆಟ್, ಈರುಳ್ಳಿ, ಟೊಮೇಟೊ ಬಯಲುಸೀಮೆಯ ರೈತ ನಮಗಿಂತ ಚೆನ್ನಾಗಿ, ಅಗ್ಗವಾಗಿ ಬೆಳೆಯುತ್ತಾನೆ. ಅವನಿಂದ ಕೊಳ್ಳುವುದೇ ಸರಿ. ಅವನೂ ನಮ್ಮ ಹಾಗೆ ರೈತನೇ. ಕೊಯ್ದ ಗಳಿಗೆಯಿಂದ ಬಾಡುವಂಥವನ್ನು, ಅಂದರೆ ಸೊಪ್ಪು, ಬೆಂಡೆ, ಅಲಸಂದೆ, ಹೀರೆ, ಒಗ್ಗರಣೆಯ ಕರಿಬೇವು, ಹಸಿಮೆಣಸು, ಇವನ್ನು ಮನೆಯಲ್ಲಿ ಬೆಳೆದರೆ ಸಾಕು. ದೂರದಿಂದ ಬರುವಾಗ ರುಚಿ ಕೆಡುವುದೂ ಇವೇ.

ಎರಡನೆಯ ಆಕ್ಷೇಪ ಆಳಿನದು. ವಾರಕ್ಕೆ ಅರ್ಧ ಆಳು ಹಿತ್ತಲಿಗೆಂದೇ ಇಡಬೇಕೆಂಬುದು ನನ್ನ ಸಲಹೆ. ತೋಟಕ್ಕೆ ಬಂದ ಆಳನ್ನು ವಾರದಲ್ಲಿ ಒಂದು ಮಧ್ಯಾಹ್ನ ಹಿತ್ತಲಿಗೆ ಕಳಿಸಿದರೆ ಆಯಿತು. ಅದನ್ನು ತೋಟದ ಖರ್ಚಿನಲ್ಲೇ ಬರೆಯಬೇಕು. ಅಗೆತ, ಬೇಲಿ, ಚಪ್ಪರ, ಗೊಬ್ಬರ ಹೊರುವುದು ಈ ನಾಲ್ಕು ಭಾರದ ಕೆಲಸ ಮನೆಯ ಹೆಂಗಸರ ಮೇಲಿಂದ ಇಳಿದರೆ ಉಳಿದದ್ದನ್ನು ಅವರು ಸಂತೋಷದಿಂದ ಮಾಡುತ್ತಾರೆ. ಅದನ್ನೂ ಅವರೊಬ್ಬರೇ ಏಕೆ ಮಾಡಬೇಕು? ಪೇಪರು ಓದುವ ಮುನ್ನ ನಾವು ಎರಡು ಕೊಡ ನೀರು ಹಾಕಿದರೆ ಮಾನವೇನೂ ಹೋಗುವುದಿಲ್ಲ.

ಮೂರನೆಯ ಆಕ್ಷೇಪ ಮಂಗನದು. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಬದನೆ, ಬೆಂಡೆ, ಮುಳ್ಳುಸೌತೆ, ಪಪ್ಪಾಯಿ ಮನೆಯ ತೀರ ಹತ್ತಿರ, ನಾಯಿಯ ಕಣ್ಣಳತೆಯಲ್ಲಿ ಇರಬೇಕು. ಸಾಧ್ಯವಾದವರು ಒಂದು ಅಂಕಣಕ್ಕಾದರೂ ಮೇಲೆ ಬಲೆ ಹಾಕಬೇಕು. ದೂರದ ಮೂಲೆಗೆ ಮಂಗ ಅಷ್ಟಾಗಿ ಮುಟ್ಟದ್ದನ್ನು ಹಾಕಬಹುದು. ನಮ್ಮಲ್ಲಿ ಹಾಗಲ, ಸೂಜಿಮೆಣಸು, ಕೆಸು, ಸುವರ್ಣಗೆಡ್ಡೆ, ಶುಂಠಿ, ಅರಿಶಿನ, ಚಕ್ರಮುನಿ, ದೊಡ್ಡಪತ್ರೆ ಇವುಗಳನ್ನು ಮಂಗ ಬಿಟ್ಟಿದೆ. ಗೆಡ್ಡೆಗೆ ಮುಳ್ಳುಹಂದಿ, ಕಾಡುಹಂದಿಯ ಕಾಟವುಂಟು. ಅದಕ್ಕೆ ಗುಂಡಿಯ ಸುತ್ತ ಹಳೆಯ ತಗಡು ನಿಲ್ಲಿಸಬೇಕಾಗುತ್ತದೆ. ಮಂಗನ ಹೆಸರು ಹೇಳಿ ಒಂದೆಲಗವನ್ನೂ ಬೆಳೆಯದಿರುವುದು ಮಾತ್ರ ನೆಪ.

ಎರಡು ಗುಂಟೆಯ ವರ್ಷ

ಹೊಸದಾಗಿ ತೊಡಗುವವರಿಗೆ ಕೆಲವು ಅನುಭವದ ಮಾತು. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಅಷ್ಟು ಬಿಸಿಲಿರುವ ಜಾಗ ಮನೆಯ ಸುತ್ತ ಎಲ್ಲಿದೆ ಎಂದು ಮೊದಲು ನೋಡಿ. ಅಂಗಳದ ಅಂಚು, ಅಡಿಕೆ ಕಣದ ಬದಿ ಆಗಬಹುದು. ಕಣದಲ್ಲಿ ಅಡಿಕೆ, ಕಾಫಿ ಒಣಗುವುದು ಬೇಸಗೆಯಲ್ಲಿ. ಮಳೆಗಾಲದ ನಟ್ಟಿಗೆ ಕಣದಂಚು ಖಾಲಿಯೇ ಇರುತ್ತದೆ. ನೆರಳಿರುವಲ್ಲಿ ಸೊಪ್ಪು, ಗೆಡ್ಡೆ, ಒಂದೆಲಗ, ಚಕ್ರಮುನಿ ಬರುತ್ತವೆ.

ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದಲ್ಲಿ, ಒಂದು ಅಡಿ ಎತ್ತರದ ಏರು ಮಡಿ ಮಾಡಿ ಬೆಂಡೆ, ಹೀರೆ, ಹಾಗಲ, ಪಡುವಲ, ಮುಳ್ಳುಸೌತೆ ಬೀಜ ಊರಬೇಕು. ಆರಿದ್ರಾ ಮಳೆ ಜಡಿಯುವ ಮೊದಲು ಗಿಡ ಬೇರು ಹಿಡಿದಿರಬೇಕು. ತಡವಾದರೆ ಬೀಜ ಕೊಳೆಯುತ್ತದೆ. ನಮ್ಮ ಹೀರೆ, ಹಾಗಲಗಳಿಗೆ ದೊಡ್ಡ ಶತ್ರು ಹಣ್ಣುನೊಣ. ಕಾಯಿ ಕಿರುಬೆರಳ ಗಾತ್ರವಿರುವಾಗಲೇ ಹಳೆಯ ಬಟ್ಟೆಯದೋ ಕಾಗದದ್ದೋ ಕೊಟ್ಟೆ ಕಟ್ಟಿದರೆ ವಿಷ ಹೊಡೆಯುವ ಪ್ರಮೇಯ ಬರುವುದಿಲ್ಲ. ಹುಳುಬಿದ್ದ ಕಾಯಿಯನ್ನು ಅಲ್ಲೇ ಎಸೆಯದೆ ಹೂಳಬೇಕು ಇಲ್ಲವೆ ಸುಡಬೇಕು.

ಮಳೆ ಹಿಂದಾದ ಮೇಲೆ ಹರಿವೆ, ಬದನೆ, ಅಲಸಂದೆ, ಮೂಲಂಗಿ. ಹರಿವೆ ಬೀಜ ತೀರ ಸಣ್ಣದು. ಮರಳು ಬೆರೆಸಿ ಬಿತ್ತಿದರೆ ಒತ್ತಾಗುವುದಿಲ್ಲ, ಒಂದು ಹಿಡಿ ರವೆ ಕೂಡಿಸಿದರೆ ಇರುವೆ ರವೆಯನ್ನು ಹೊತ್ತು ಬೀಜವನ್ನು ಬಿಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಸುಗುಣ’ ಹರಿವೆಯನ್ನು ಕಿತ್ತು ಮುಗಿಸದೆ ಮತ್ತೆ ಮತ್ತೆ ಕೊಯ್ಯಬಹುದು; ನಾಲ್ವರ ಮನೆಗೆ ಎರಡು ಮಡಿ ಧಾರಾಳ. ಬಸಳೆಗೆ ಬೀಜ ಬೇಡ, ಮೂರು ಗಿಣ್ಣಿನ ಬಳ್ಳಿ ತುಂಡು ಸಾಕು. ಶಿವರಾತ್ರಿಯ ಸುಮಾರಿಗೆ ಸುವರ್ಣಗೆಡ್ಡೆಯ ಮೊಳಕೆಯುಳ್ಳ ಹೋಳನ್ನು ಸಗಣಿ ನೀರಿನಲ್ಲಿ ಅದ್ದಿ ನೆಟ್ಟರೆ ಎಂಟೊಂಬತ್ತು ತಿಂಗಳಿಗೆ, ದಂಟು ಒಣಗಿ ಬಿದ್ದಾಗ, ಕೀಳಬಹುದು. ಕಿತ್ತ ಗೆಡ್ಡೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಹಣ್ಣಿಗೆ ಬೇರೆ ತೋಟವೇ ಬೇಕಿಲ್ಲ. ಬಚ್ಚಲ ನೀರು ಹೋಗುವಲ್ಲಿ ನಾಲ್ಕು ಬಾಳೆ, ನೀರು ನಿಲ್ಲದ ದಿಬ್ಬದ ಮೇಲೆ ಎರಡು ಪಪ್ಪಾಯಿ, ಒಂದು ನಿಂಬೆ, ಒಂದು ಕಂಚಿ, ಒಂದು ಪೇರಳೆ, ಜಾಗವಿದ್ದರೆ ಒಂದು ದೀವಿಹಲಸು. ಕಾಫಿಯ ನಡುವೆ ಹಿಂದೆ ಕಿತ್ತಳೆ ಇರುತ್ತಿತ್ತು. ಕೊಡಗಿನ ಕಿತ್ತಳೆ ಹಸುರುಕಟ್ಟು ರೋಗಕ್ಕೂ ನಮ್ಮ ಅಲಕ್ಷ್ಯಕ್ಕೂ ಸಿಕ್ಕಿ ಹೇಗೆ ಕ್ಷೀಣಿಸಿತೆಂಬುದನ್ನು ಎಲ್ಲರೂ ಕಂಡಿದ್ದೇವೆ.

ಗೊಬ್ಬರವನ್ನು ಡಿಪೋದಿಂದ ಒಯ್ಯಬೇಕಾಗಿಲ್ಲ. ಕಾಫಿ ಸಿಪ್ಪೆಯನ್ನು ಸಗಣಿಯೊಡನೆ ಕೊಳೆಸಿದರೆ ಒಳ್ಳೆಯ ಗೊಬ್ಬರ. ಅಡಿಕೆ ಸಿಪ್ಪೆ ನಿಧಾನವಾಗಿ ಕೊಳೆಯುವುದರಿಂದ ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹಾಕಬಹುದು. ಒಲೆಯ ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ, ನಮ್ಮ ಮಣ್ಣಿನ ಹುಳಿಯೂ ಕೊಂಚ ಇಳಿಯುತ್ತದೆ.

ಔಷಧಿಯ ಎಚ್ಚರ

ಈಗ ಹೇಳುವ ಮಾತು ಕೆಲವರಿಗೆ ಹಿತವಾಗಲಿಕ್ಕಿಲ್ಲ. ಕೊಂಡ ತರಕಾರಿಗೆ ಏನೇನು ಹೊಡೆದಿರುತ್ತಾರೋ ಎಂದು ನಾವು ದೂರುತ್ತೇವೆ. ನಮ್ಮ ಮನೆಯ ಹಿಂದೆ ನಾವೇ ಏನು ಹೊಡೆಯುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳುವುದಿಲ್ಲ.

ಅಡಿಕೆಯ ಕೊಳೆರೋಗವನ್ನು ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಭ್ಯಾಸ ಮಾಡಿ ಬರೆದದ್ದು 1910ರಲ್ಲಿ. ಅಲ್ಲಿಂದೀಚೆಗೆ ಬೋರ್ಡೋ ದ್ರಾವಣ ನಮ್ಮ ಮಳೆಗಾಲದ ಸಂಗಾತಿಯಾಯಿತು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೋರ್ಡೋ ಎಲೆಯ ಮೇಲೆ ನೀಲಿಯಾಗಿ ಕಾಣುತ್ತದೆ. ಕಂಡದ್ದನ್ನು ಬಿಡಬಹುದು, ತೊಳೆಯಬಹುದು. ಎಲೆಚುಕ್ಕಿ ರೋಗ ಜೋರಾದ ಮೇಲೆ ಪ್ರೊಪಿಕೊನಜೋಲ್‌ನಂಥ, ಗಿಡದ ಒಳಗೇ ಸೇರುವ ಔಷಧಿಗಳು ಬಂದಿವೆ. ಇವು ಕಣ್ಣಿಗೆ ಕಾಣುವುದಿಲ್ಲ, ತೊಳೆದರೂ ಹೋಗುವುದಿಲ್ಲ. ನಲವತ್ತು ಅಡಿ ಎತ್ತರಕ್ಕೆ ಹೊಡೆದ ಸಿಂಚನ ಗಾಳಿಗೆ ಎಲ್ಲಿ ಬೀಳುತ್ತದೆ? ಮನೆಗೆ ತಾಗಿದ ತೋಟವಾದರೆ ಬಸಳೆ ಚಪ್ಪರದ ಮೇಲೆ.

ರೋಗ ಬಂದ ತೋಟಕ್ಕೆ ಔಷಧಿ ಬೇಡವೆನ್ನುವ ಧೈರ್ಯ ನನಗಿಲ್ಲ. ನನ್ನ ಮರಗಳಿಗೂ ಹೊಡೆಸುತ್ತೇನೆ. ಆದರೆ ನಾಲ್ಕು ನಿಯಮಗಳನ್ನಾದರೂ ಪಾಲಿಸಬಹುದು. ಹೊಡೆಯುವ ಹಿಂದಿನ ದಿನ ಮನೆಯವರಿಗೆ ತಿಳಿಸಿ, ಬೇಕಾದ ಸೊಪ್ಪು-ಕಾಯಿ ಕೊಯ್ದಿಟ್ಟು, ಹಿತ್ತಲಿಗೆ ಟಾರ್ಪಾಲು ಮುಚ್ಚುವುದು. ಸಿಂಚನ ಬಿದ್ದ ಸೊಪ್ಪನ್ನು ತಿನ್ನದೆ ಕೊಯ್ದು ಎಸೆಯುವುದು. ಗಾಳಿ ಮನೆಯ ಕಡೆಗೆ ಬೀಸುವಾಗ ಆ ಸಾಲುಗಳಿಗೆ ಹೊಡೆಯದಿರುವುದು. ಬ್ಯಾರೆಲ್, ಪಂಪು ತೊಳೆದ ನೀರನ್ನು ಬಾವಿಕಟ್ಟೆಯಲ್ಲಿ, ಬಾಳೆಬುಡದಲ್ಲಿ ಚೆಲ್ಲದಿರುವುದು. ಕಾಫಿಯ ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಹೊಡೆದ ಕಾಲದಲ್ಲಿ ಅದೂ ಶಿಫಾರಸಾದ ಔಷಧಿಯೇ ಆಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ತಡೆಯುವ ಹೊತ್ತಿಗೆ ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳ ಮಕ್ಕಳು ಬೆಲೆ ತೆತ್ತಿದ್ದರು. ಅಡುಗೆಯ ಸೊಪ್ಪು ಬೆಳೆಯುವ ಜಾಗ ಮನೆಯ ಹಿಂದೆ ಇದ್ದರೆ ನಾವು ಔಷಧಿಯ ಡಬ್ಬಿಯನ್ನು ಇನ್ನಷ್ಟು ಎಚ್ಚರದಿಂದ ಎತ್ತುತ್ತೇವೆ. ಹಿತ್ತಲಿನ ಒಂದು ದೊಡ್ಡ ಉಪಯೋಗ ಇದೇ ಎಂದು ನನಗೆ ಅನ್ನಿಸುತ್ತದೆ.

ಅಮ್ಮನ ಮಗೆಸೌತೆ

ಕೊನೆಗೆ ಬೀಜದ ಮಾತು. ನನ್ನನ್ನು ಬಹಳ ಕಾಡುವುದು ಇದು.

ನಮ್ಮ ಅಮ್ಮ ಒಂದು ಮಗೆಸೌತೆ ಬೆಳೆಯುತ್ತಿದ್ದಳು. ಉದ್ದನೆಯ, ದಂತದ ಬಣ್ಣದ ಕಾಯಿ. ಬೇಸಗೆಯಲ್ಲಿ ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ಮಳೆಗಾಲ ಕಳೆಯುವವರೆಗೂ ಕೆಡುತ್ತಿರಲಿಲ್ಲ. ಆಟಿಯ ಮಳೆಯಲ್ಲಿ ಸಂತೆಗೆ ಹೋಗಲಾಗದ ದಿನಗಳಲ್ಲಿ ನಮ್ಮನ್ನು ಸಾಕಿದ್ದು ಅದೇ. ಬೀಜವನ್ನು ಅವಳು ಸಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಬಿಲ್ಲೆ ತಟ್ಟುತ್ತಿದ್ದಳು. ಉಳಿದ ಬೀಜಗಳು ಬೂದಿ ಬೆರೆಸಿದ ಸೋರೆಬುರುಡೆಗಳಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿದ್ದವು. ಒಲೆಯ ಹೊಗೆಯೇ ಅವಕ್ಕೆ ಕಾವಲು.

ಗ್ಯಾಸ್ ಒಲೆ ಬಂತು. ಅಮ್ಮನ ಕಣ್ಣಿಗೆ ಹೊಗೆ ತಪ್ಪಿತೆಂದು ಎಲ್ಲರಿಗೂ ಸಂತೋಷವಾಯಿತು, ಅದು ಸರಿಯೇ. ಆದರೆ ಅಟ್ಟದ ಬೀಜಕ್ಕೆ ಹೊಗೆ ನಿಂತಿತೆಂಬುದನ್ನು ಯಾರೂ ಯೋಚಿಸಲಿಲ್ಲ. ಅಮ್ಮ ತೀರಿಕೊಂಡ ಮರುವರ್ಷ ಅಟ್ಟ ಹತ್ತಿ ಬುರುಡೆಗಳನ್ನು ಇಳಿಸಿದೆವು. ಯಾವುದರಲ್ಲಿ ಯಾವ ಬೀಜವೆಂದು ಅವಳೊಬ್ಬಳಿಗೇ ತಿಳಿದಿತ್ತು. ಅರ್ಧಕ್ಕೆ ಬೂಸಲು ಬಂದಿತ್ತು, ಉಳಿದದ್ದರಲ್ಲಿ ಗುಗ್ಗುರು ಆಡುತ್ತಿತ್ತು. ಎಲ್ಲವನ್ನೂ ಬಿತ್ತಿದೆವು. ಒಂದು ಅಲಸಂದೆ, ಒಂದು ಬೆಂಡೆ ಹುಟ್ಟಿದವು. ಮಗೆಸೌತೆ ಹುಟ್ಟಲಿಲ್ಲ. ಊರಿನ ನಾಲ್ಕಾರು ಮನೆಗಳಲ್ಲಿ ಕೇಳಿದೆ. ‘ನಿಮ್ಮ ಅಮ್ಮನ ಹತ್ತಿರವೇ ನಾವು ಒಯ್ಯುತ್ತಿದ್ದೆವಲ್ಲ’ ಎಂದರು.

ಅಂಗಡಿಯ ಸಂಕರ ತಳಿಯ ಬೀಜ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ಮುಂದಿನ ವರ್ಷಕ್ಕೆ ಬೀಜ ಎತ್ತಿದರೆ ತಾಯಿಯ ಗುಣ ನಿಲ್ಲುವುದಿಲ್ಲ. ಪ್ರತಿವರ್ಷ ಕೊಳ್ಳಲೇಬೇಕು. ನಮ್ಮ ಮಳೆಯನ್ನು ತಡೆದುಕೊಂಡು ತಲೆಮಾರುಗಳಿಂದ ಬಂದ ಹಿತ್ತಲ ಬೀಜ ಪೊಟ್ಟಣದಲ್ಲಿ ಸಿಗುವುದಿಲ್ಲ, ಕಳೆದರೆ ಕಳೆದಂತೆಯೇ. ಊರಿನವರು ಒಟ್ಟಾಗಿ ಉಳಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಉಡುಪಿಯ ಮಟ್ಟುಗುಳ್ಳ ಸಾಕ್ಷಿ. ಒಂದು ಊರಿನ ಬದನೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು. ಶಿರಸಿಯ ‘ವನಸ್ತ್ರೀ’ ಎಂಬ ಮಹಿಳೆಯರ ಕೂಟ ಮಲೆನಾಡಿನ ಹಿತ್ತಲ ಬೀಜಗಳನ್ನು ಉಳಿಸಿ ಹಂಚುವ ಕೆಲಸವನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಅವರಿಗೆ ಆದದ್ದು ಇಷ್ಟು ದೊಡ್ಡ ಸಂಘವಿರುವ ನಮಗೆ ಆಗದೇ?

ಸಂಘಕ್ಕೆ ಮೂರು ಸೂಚನೆ

ಆಡಳಿತ ಮಂಡಲಿಯ ಮುಂದೆ ಮೂರು ಸೂಚನೆಗಳನ್ನು ಇಡುತ್ತೇನೆ. ಮೂರಕ್ಕೂ ದೊಡ್ಡ ಖರ್ಚಿಲ್ಲ.

ಒಂದು, ವಾರ್ಷಿಕ ಮಹಾಸಭೆಯ ದಿನ ಸಭಾಭವನದ ಜಗುಲಿಯಲ್ಲಿ ಒಂದು ಬೀಜದ ಮೇಜು ಇರಲಿ. ತಂದವರು ಇಟ್ಟು ಹೋಗಲಿ, ಬೇಕಾದವರು ಒಯ್ಯಲಿ, ಹಣದ ವ್ಯವಹಾರ ಬೇಡ. ರೈತ ತನ್ನ ಬೀಜವನ್ನು ಉಳಿಸುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೇ ಕೊಟ್ಟಿರುವುದರಿಂದ ಕಾನೂನಿನ ಅಂಜಿಕೆ ಬೇಕಿಲ್ಲ. ಪ್ರತಿ ಪೊಟ್ಟಣದ ಮೇಲೆ ಬೀಜದ ಹೆಸರು, ಬಿತ್ತುವ ಮಳೆ, ಕೊಟ್ಟ ಮನೆಯ ಹೆಸರು ಬರೆದಿರಬೇಕು. ಅಮ್ಮನ ಬುರುಡೆಗಳ ಮೇಲೆ ಅಷ್ಟು ಬರೆದಿದ್ದರೆ ನಾನು ಇಂದು ಇದನ್ನು ಬರೆಯಬೇಕಾಗಿರಲಿಲ್ಲ.

ಎರಡು, ಡಿಪೋದಲ್ಲಿ ಮೈಲುತುತ್ತದ ಪಕ್ಕದ ಕಪಾಟಿನಲ್ಲಿ ಸಂಕರವಲ್ಲದ ತರಕಾರಿ ಬೀಜಗಳಿಗೂ ಒಂದು ಖಾನೆ ಇರಲಿ. ಮೇ ಮೊದಲ ವಾರಕ್ಕೆ ಅವು ಬಂದಿರಬೇಕು. ಜುಲೈಯಲ್ಲಿ ಬಂದರೆ ಪ್ರಯೋಜನವಿಲ್ಲ.

ಮೂರು, ಇದು ಮುಖ್ಯವಾದದ್ದು. ಈ ಬೀಜಗಳ ಸಂಗತಿ ಬಲ್ಲವರು ನಮ್ಮ ಮನೆಗಳ ಹೆಂಗಸರು. ಅವರಲ್ಲಿ ಹೆಚ್ಚಿನವರು ಸಂಘದ ಸದಸ್ಯರಲ್ಲ, ಏಕೆಂದರೆ ಪಹಣಿ ನಮ್ಮ ಹೆಸರಿನಲ್ಲಿದೆ. ಮಹಾಸಭೆಯ ದಿನ ಅವರು ಮನೆಯಲ್ಲಿರುತ್ತಾರೆ, ನಾವು ಬಂದು ಸಭೆಯ ಊಟ ಉಂಡು ಹೋಗುತ್ತೇವೆ. ಆ ದಿನ ಒಂದು ಗಂಟೆಯನ್ನಾದರೂ ಹಿತ್ತಲಿಗೆಂದು ಇಟ್ಟು, ಅವರನ್ನೇ ವೇದಿಕೆಗೆ ಕರೆದು ಮಾತಾಡಿಸಬೇಕು. ಕೊಳೆರೋಗದ ಬಗ್ಗೆ ಕೇಳಲು ವಿಟ್ಲದಿಂದ, ಬಾಳೆಹೊನ್ನೂರಿನಿಂದ ವಿಜ್ಞಾನಿಗಳನ್ನು ಕರೆಸುತ್ತೇವಲ್ಲ. ಮಳೆಗಾಲದಲ್ಲಿ ಬೀಜ ಕೆಡದಂತೆ ಇಡುವುದು ಹೇಗೆಂದು ಕೇಳಲು ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಕರೆಸಿದರೆ ಸಾಕು. ಬೇಗ ಕರೆಸಬೇಕು, ಅಷ್ಟೇ.

ಇನ್ನು ನಮ್ಮ ನಮ್ಮ ಮನೆಯಲ್ಲಿ ಮಾಡಬೇಕಾದದ್ದು ಒಂದೇ. ತೋಟದ ಲೆಕ್ಕ ಬರೆಯುವ ಪುಸ್ತಕದಲ್ಲಿ ಒಂದು ಪುಟದ ಮೇಲೆ ‘ಹಿತ್ತಲು’ ಎಂದು ಬರೆಯಿರಿ. ಕೊಟ್ಟ ಆಳು, ಹಾಕಿದ ಗೊಬ್ಬರ ಒಂದು ಕಡೆ. ಮನೆಗೆ ಬಂದ ಸೊಪ್ಪು, ಕಾಯಿ, ಹಣ್ಣು ಇನ್ನೊಂದು ಕಡೆ. ನಾನು ಯುಗಾದಿಯಿಂದ ಬರೆಯಲು ತೊಡಗಿದ್ದೇನೆ. ಮೊದಲ ತಿಂಗಳು ಬಂದ ಕಾಲಂ ಬಹುತೇಕ ಖಾಲಿ ಇತ್ತು. ಬಾವಿಕಟ್ಟೆಯಲ್ಲಿ ಒಂದೆಲಗ ಮತ್ತೆ ಕುಡಿಯೊಡೆದಿದೆ. ಪಕ್ಕದ ಮನೆಯಿಂದ ತಂದ ಬಸಳೆ ಬಳ್ಳಿ ಚಪ್ಪರ ಹಿಡಿದಿದೆ. ಮಗೆಸೌತೆಯ ಸಾಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಉದ್ದನೆಯ, ದಂತದ ಬಣ್ಣದ, ಮಳೆಗಾಲವಿಡೀ ಜಂತಿಯಲ್ಲಿ ಕೆಡದೆ ನಿಲ್ಲುವ ಸೌತೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಮಹಾಸಭೆಗೆ ಹತ್ತು ಬೀಜ ತನ್ನಿ. ಪ್ರತಿಯಾಗಿ ಕೊಡಲು ಅಮ್ಮನ ಅಲಸಂದೆ ನನ್ನಲ್ಲಿದೆ.

— ಸಂಘದ ಒಬ್ಬ ಸದಸ್ಯ